ಬಿಸಿ ಹೊರುವ ತಟ್ಟೆ

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದು ಚಿಕ್ಕ ಕಾರು ಹೆದ್ದಾರಿಯಲ್ಲಿ ಹೋಗುತ್ತಿದೆ. ಒಳಗೆ ಕೂತವರೂ ಸೇರಿ ಅದರ ತೂಕ 1200 ಕಿಲೋ. ಪಕ್ಕದ ಗದ್ದೆಯಿಂದ ಎಮ್ಮೆಯೊಂದು ರಸ್ತೆಗೆ ಹತ್ತಿತು, ಚಾಲಕ ಬ್ರೇಕ್ ಅದುಮಿದ. ರಸ್ತೆ ಒಣಗಿದ್ದು ಟೈರು ಚೆನ್ನಾಗಿದ್ದರೆ ಅಲ್ಲಿಂದ ಸುಮಾರು 43 ಮೀಟರ್ ದೂರದಲ್ಲಿ, ಮೂರು ಸೆಕೆಂಡು ದಾಟುತ್ತಿದ್ದಂತೆ ಕಾರು ನಿಂತಿರುತ್ತದೆ. ಈ ಮೂರು ಸೆಕೆಂಡುಗಳ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಓಡುತ್ತಿದ್ದ ಕಾರಿನಲ್ಲಿ ಇದ್ದ ಚಲನಶಕ್ತಿ ಸುಮಾರು 463 ಕಿಲೋಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಇಷ್ಟು ಶಕ್ತಿ ಬೇಕು. ಗ್ಯಾಸ್ ಒಲೆ ಅದಕ್ಕೆ ಹಲವು ನಿಮಿಷ ತೆಗೆದುಕೊಳ್ಳುತ್ತದೆ, ಬ್ರೇಕು ಮೂರೇ ಸೆಕೆಂಡಿನಲ್ಲಿ ಅಷ್ಟು ಶಾಖವನ್ನು ಹುಟ್ಟಿಸಿರುತ್ತದೆ. ಅಶ್ವಶಕ್ತಿಯಲ್ಲಿ ಹೇಳಿದರೆ ಸರಾಸರಿ 200. ಅದೇ ಕಾರಿನ ಎಂಜಿನ್ನಿನ ಸಾಮರ್ಥ್ಯ ಎಂಬತ್ತೋ ತೊಂಬತ್ತೋ ಅಶ್ವಶಕ್ತಿ ಇದ್ದೀತು. ಕಾರಿನಲ್ಲಿ ಎಲ್ಲಕ್ಕಿಂತ ಬಲಶಾಲಿಯಾದ ಯಂತ್ರ ಚಕ್ರದೊಳಗೆ ಅಡಗಿ ಕೂತಿದೆ. ಕಾರು ಕೊಳ್ಳುವಾಗ ನಾವು ಬಾನೆಟ್ ಎತ್ತಿಸಿ ಎಂಜಿನ್ ನೋಡುತ್ತೇವೆ, ಚಕ್ರದ ಸಂದಿಯಲ್ಲಿ ಇಣುಕಿ ಡಿಸ್ಕ್ ನೋಡುವವರು ಕಡಿಮೆ.

ಶಕ್ತಿ ಎಲ್ಲಿಗೂ ಮಾಯವಾಗುವುದಿಲ್ಲವೆಂದು ಶಾಲೆಯಲ್ಲಿ ಓದಿದ್ದೇವೆ. ಕಾರಿನ ವೇಗವೆಲ್ಲ ಬ್ರೇಕಿನಲ್ಲಿ ತಿಕ್ಕಾಟವಾಗಿ, ತಿಕ್ಕಾಟ ಬಿಸಿಯಾಗಿ, ಆ ಬಿಸಿ ಯಾವುದಾದರೂ ಲೋಹದೊಳಗೆ ಸೇರಲೇಬೇಕು. ಆಮೇಲೆ ಅಲ್ಲಿಂದ ಗಾಳಿಗೆ ಹೋಗಬೇಕು. ಈ ಬಿಸಿಯನ್ನು ಎಲ್ಲಿ ಇಡುವುದು, ಹೇಗೆ ಹೊರಹಾಕುವುದು ಎಂಬ ಒಂದೇ ಪ್ರಶ್ನೆ ಡಿಸ್ಕ್ ಬ್ರೇಕಿನ ನೂರಿಪ್ಪತ್ತು ವರ್ಷಗಳ ಚರಿತ್ರೆಯನ್ನೆಲ್ಲ ನಡೆಸಿದೆ. ಅದರ ಬಗೆಬಗೆಯ ರೂಪಗಳೆಲ್ಲ ಈ ಪ್ರಶ್ನೆಗೆ ಸಿಕ್ಕ ಬೇರೆ ಬೇರೆ ಉತ್ತರಗಳು.

ಮೊದಲು ಪಾದದಿಂದ ಚಕ್ರದವರೆಗಿನ ದಾರಿ. ಪೆಡಲಿನ ಮೇಲೆ ನೀವು 20 ಕಿಲೋ ಭಾರದಷ್ಟು ಒತ್ತಿದಿರಿ ಎನ್ನಿ. ಪೆಡಲು ಒಂದು ಸನ್ನೆಗೋಲು, ಅದು ಬಲವನ್ನು ನಾಲ್ಕು ಪಟ್ಟು ಮಾಡುತ್ತದೆ. ಅದರ ಹಿಂದೆ ಅಗಲವಾದ ಡಬ್ಬಿಯಂಥ ಬೂಸ್ಟರ್ ಇದೆ. ಅದರೊಳಗಿನ ರಬ್ಬರ್ ಪರದೆಯ ಒಂದು ಬದಿಯಲ್ಲಿ ಎಂಜಿನ್ ಗಾಳಿ ಹೀರಿಕೊಂಡು ಉಂಟುಮಾಡಿದ ನಿರ್ವಾತ, ಇನ್ನೊಂದು ಬದಿಯಲ್ಲಿ ಹೊರಗಿನ ಗಾಳಿ. ಬ್ರೇಕ್ ಒತ್ತಿದಾಗ ಹೊರಗಿನ ಗಾಳಿಯೇ ಪರದೆಯನ್ನು ತಳ್ಳಿ ನಿಮ್ಮ ಜೊತೆ ಕೈಜೋಡಿಸುತ್ತದೆ, ಬಲ ಮತ್ತೆ ನಾಲ್ಕು ಪಟ್ಟಾಗುತ್ತದೆ. ಈಗ 320 ಕಿಲೋ ಭಾರದಷ್ಟು ಬಲ ಮಾಸ್ಟರ್ ಸಿಲಿಂಡರಿನ 22 ಮಿಲಿಮೀಟರ್ ವ್ಯಾಸದ ಪಿಸ್ಟನ್ ಮೇಲೆ ಬೀಳುತ್ತದೆ. ಒಳಗಿರುವ ಬ್ರೇಕ್ ಆಯಿಲಿನ ಒತ್ತಡ ವಾತಾವರಣದ ಒತ್ತಡಕ್ಕಿಂತ 80 ಪಟ್ಟಿಗೂ ಹೆಚ್ಚಾಗುತ್ತದೆ. ದ್ರವದ ಮೇಲಿನ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು 17ನೇ ಶತಮಾನದಲ್ಲಿ ಪಾಸ್ಕಲ್ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ: ತೆಳ್ಳನೆ ಪೈಪಿನ ಆ ತುದಿಯಲ್ಲಿರುವ ಪಿಸ್ಟನ್ 54 ಮಿಲಿಮೀಟರ್ ವ್ಯಾಸದ್ದಾದರೆ ಅದರ ವಿಸ್ತಾರ ಆರು ಪಟ್ಟು, ಬಲವೂ ಆರು ಪಟ್ಟು. ಹೀಗೆ ಪಾದದ 20 ಕಿಲೋ, ಚಕ್ರದ ಬಳಿ ತಲುಪುವಾಗ ಸುಮಾರು ಎರಡು ಟನ್ನಿನ ಹಿಡಿತವಾಗಿರುತ್ತದೆ. ಇದಕ್ಕೆಲ್ಲ ಬೆಲೆ ತೆರುವುದು ಚಲನೆ. ಪೆಡಲು ಬೆರಳುಗಳ ಉದ್ದದಷ್ಟು ಒಳಗೆ ಹೋದರೆ ಚಕ್ರದ ಬಳಿಯ ಪಿಸ್ಟನ್ ಸರಿಯುವುದು ಮಿಲಿಮೀಟರಿಗಿಂತಲೂ ಕಡಿಮೆ.

ಚಕ್ರದ ಜೊತೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಘರ್ಷಣೆಯ ಬಿಲ್ಲೆಗಳು ಪ್ಯಾಡ್‌ಗಳು, ಆ ಪ್ಯಾಡುಗಳನ್ನೂ ಪಿಸ್ಟನ್ನನ್ನೂ ಹೊತ್ತ ಲೋಹದ ಚೌಕಟ್ಟು ಕ್ಯಾಲಿಪರ್. ಭಾಗಗಳು ಇಷ್ಟೇ.

ಇಷ್ಟು ಸರಳವಾದದ್ದು ಬಳಕೆಗೆ ಬರಲು ಅರ್ಧ ಶತಮಾನ ಹಿಡಿಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕಾರು ಕಟ್ಟುತ್ತಿದ್ದ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದ. ತಿಕ್ಕುವ ಭಾಗಕ್ಕೆ ಅವನು ಬಳಸಿದ್ದು ತಾಮ್ರ. ಲೋಹಕ್ಕೆ ಲೋಹ ಉಜ್ಜಿ ಎದ್ದ ಕಿರುಚಾಟ ಯಾರಿಗೂ ಸಹಿಸಲಾಗದಂತಿತ್ತು. ಮಣ್ಣು ರಸ್ತೆಗಳ ದೂಳು ಬೇರೆ ತೆರೆದ ಡಿಸ್ಕಿನ ಮೇಲೆ ಕೂತು ಅದನ್ನು ಬೇಗ ಸವೆಸುತ್ತಿತ್ತು. ಅದೇ 1902ರಲ್ಲಿ ಫ್ರಾನ್ಸಿನ ಲೂಯಿ ರೆನೊ ಮುಂದಿಟ್ಟ ಡ್ರಮ್ ಬ್ರೇಕ್ ಗೆದ್ದಿತು.

ಡ್ರಮ್ ಗೆದ್ದದ್ದಕ್ಕೆ ಒಳ್ಳೆಯ ಕಾರಣವಿತ್ತು. ತಿರುಗುವ ಡ್ರಮ್ಮಿನ ಒಳಗೋಡೆಗೆ ಎರಡು ಬ್ರೇಕ್ ಶೂಗಳು ಅಗಲಿಕೊಂಡು ಒತ್ತುತ್ತವೆ. ಡ್ರಮ್ ತಿರುಗುವ ದಿಕ್ಕಿಗೆ ಮುಖಮಾಡಿದ ಶೂ ಒಮ್ಮೆ ತಾಗಿತೆಂದರೆ ತಿಕ್ಕಾಟವೇ ಅದನ್ನು ಇನ್ನಷ್ಟು ಬಿಗಿಯಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಬೂಸ್ಟರ್ ಇಲ್ಲದ ಆ ಕಾಲದಲ್ಲಿ ಪಾದಕ್ಕೆ ಸಿಗುವ ಈ ಪುಕ್ಕಟೆ ನೆರವು ದೊಡ್ಡದು. ಡಿಸ್ಕ್ ಬ್ರೇಕಿನಲ್ಲಿ ಅಂಥ ನೆರವಿಲ್ಲ, ಒತ್ತಿದಷ್ಟೇ ಹಿಡಿಯುತ್ತದೆ. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳೂ ಬಹುಕಾಲ ನಾಲ್ಕು ಚಕ್ರಕ್ಕೂ ಡ್ರಮ್ ಕಟ್ಟಿಕೊಂಡೇ ಓಡಿದವು.

ಡ್ರಮ್ಮಿನ ದೌರ್ಬಲ್ಯ ಹೊರಬೀಳುವುದು ಬಿಸಿಯಾದಾಗ. ತಿಕ್ಕುವ ಮೈ ಮುಚ್ಚಿದ ಡಬ್ಬಿಯ ಒಳಗಿದೆ, ಗಾಳಿ ಅಲ್ಲಿಗೆ ಹೋಗದು. ಕಾದ ಕಬ್ಬಿಣ ಹಿಗ್ಗುತ್ತದೆ, ಹಿಗ್ಗಿದ ಡ್ರಮ್ ಶೂಗಳಿಂದ ದೂರ ಸರಿಯುತ್ತದೆ, ಪೆಡಲು ಕೆಳಕೆಳಗೆ ಇಳಿಯುತ್ತದೆ. ತುಂಬ ಬ್ರೇಕ್ ಬೇಕಾದ ಹೊತ್ತಿಗೇ ಬ್ರೇಕ್ ಕುಗ್ಗುತ್ತದೆ. ಡಿಸ್ಕ್ ಹಿಗ್ಗಿದರೆ ದಪ್ಪವಾಗುತ್ತದೆ, ಎಂದರೆ ಪ್ಯಾಡಿನತ್ತಲೇ ಬರುತ್ತದೆ. ಬಯಲಿನಲ್ಲೇ ತಿರುಗುವುದರಿಂದ ಗಾಳಿ ಅದರ ಮೈ ಸವರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಹಳ್ಳ ದಾಟಿ ಬಂದ ಕಾರಿನ ಡ್ರಮ್ಮಿನೊಳಗೆ ನೀರು ನಿಂತು ಬ್ರೇಕ್ ಜಾರಿದರೆ, ಡಿಸ್ಕ್ ಕೆಲವೇ ಸುತ್ತಿನಲ್ಲಿ ನೀರನ್ನು ಹೊರಗೆ ಎರಚಿ ಒಣಗುತ್ತದೆ.

ಈ ವ್ಯತ್ಯಾಸವನ್ನು ಲೋಕದ ಮುಂದೆ ತೋರಿಸಿದ್ದು ಫ್ರಾನ್ಸಿನ ಲ ಮಾನ್ಸ್ ಪಂದ್ಯ. ವಿಮಾನಗಳಿಗೆ ಡಿಸ್ಕ್ ಬ್ರೇಕ್ ತಯಾರಿಸುತ್ತಿದ್ದ ಡನ್‌ಲಪ್ ಕಂಪನಿಯ ಜೊತೆ ಸೇರಿ ಜಾಗ್ವಾರ್, ತನ್ನ ಸಿ-ಟೈಪ್ ಕಾರಿಗೆ ಅದನ್ನು ಹೊಂದಿಸಿತು. ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಈ ಕೆಲಸದಲ್ಲಿ ಮುಖ್ಯನಾಗಿದ್ದ. 1952ರ ರೀಮ್ಸ್ ಪಂದ್ಯದಲ್ಲಿ ಸ್ಟರ್ಲಿಂಗ್ ಮಾಸ್ ಡಿಸ್ಕ್ ಬ್ರೇಕಿನ ಕಾರಿನಲ್ಲಿ ಗೆದ್ದ. ಮರುವರ್ಷ ಲ ಮಾನ್ಸ್‌ನ 24 ಗಂಟೆಗಳ ಓಟದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗಂಟೆಗೆ ಸರಾಸರಿ 170 ಕಿಲೋಮೀಟರ್ ವೇಗದಲ್ಲಿ ಮೊದಲಿಗರಾದರು. ಅಲ್ಲಿ ಮೈಲುಗಟ್ಟಲೆ ನೇರವಾದ ರಸ್ತೆಯ ಕೊನೆಗೆ ಕಡಿದಾದ ತಿರುವು. ಡ್ರಮ್ ಬ್ರೇಕಿನವರು ಬಹಳ ಮೊದಲೇ ವೇಗ ಇಳಿಸಬೇಕಿತ್ತು, ಅದೂ ಬ್ರೇಕಿನ ಜೀವ ಉಳಿಸಿಕೊಳ್ಳುತ್ತ. ಜಾಗ್ವಾರ್ ಚಾಲಕರು ತಿರುವಿನ ಹತ್ತಿರದವರೆಗೂ ಪೂರ್ತಿ ವೇಗದಲ್ಲಿ ಹೋಗಿ, ಸುತ್ತಿನ ಮೇಲೆ ಸುತ್ತು ಅದೇ ಜಾಗದಲ್ಲಿ ಅದೇ ಹಿಡಿತ ಪಡೆದರು. ಎರಡು ವರ್ಷದ ಬಳಿಕ, 1955ರಲ್ಲಿ ಬಂದ ಸಿಟ್ರೊಎನ್ ಡಿ.ಎಸ್. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹೊತ್ತು ಸಾಮಾನ್ಯರ ಮನೆಗೂ ಹೋಯಿತು.

ಮುಂದಿನ ಚಕ್ರಗಳಿಗೇ ಏಕೆ? ಬ್ರೇಕ್ ಹಾಕಿದಾಗ ಕಾರು ಮೂಗು ಬಗ್ಗಿಸುವುದನ್ನು ನೋಡಿದ್ದೀರಿ. ಭಾರ ಮುಂದಕ್ಕೆ ವಾಲಿ ಹಿಂದಿನ ಟೈರುಗಳು ಹಗುರಾಗುತ್ತವೆ. ಗಟ್ಟಿಯಾಗಿ ನಿಲ್ಲಿಸುವಾಗ ಕೆಲಸದ ನೂರಕ್ಕೆ ಸುಮಾರು 70 ಪಾಲು ಮುಂದಿನವುಗಳದ್ದೇ. ಆದ್ದರಿಂದಲೇ ಇವತ್ತಿಗೂ ನಮ್ಮ ಚಿಕ್ಕ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಇದನ್ನು ಕಂಪನಿಯವರ ಜಿಪುಣತನವೆಂದು ಬೈಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಗುರವಾದ ಕಾರಿಗೆ ಅದು ಸರಿಯಾದ ಲೆಕ್ಕ.

ಕ್ಯಾಲಿಪರಿನಲ್ಲಿ ಎರಡು ಜಾತಿ. ಸ್ಥಿರ ಕ್ಯಾಲಿಪರ್ ಅಲುಗಾಡುವುದಿಲ್ಲ, ಡಿಸ್ಕಿನ ಎರಡೂ ಬದಿಗೆ ಪಿಸ್ಟನ್‌ಗಳಿರುತ್ತವೆ. ಬದಿಗೊಂದರಂತೆ ಎರಡು, ಇಲ್ಲವೇ ಒಟ್ಟು ನಾಲ್ಕು, ಆರು. ಬಿಗಿಯಾದ, ನಂಬಿಕೆಯ ಹಿಡಿತ. ಬೆಲೆ ಜಾಸ್ತಿ, ಚಕ್ರದೊಳಗೆ ಜಾಗವೂ ಜಾಸ್ತಿ ಬೇಕು. ಸಾಮಾನ್ಯ ಕಾರುಗಳಲ್ಲಿ ಇರುವುದು ಸರಿಯುವ ಕ್ಯಾಲಿಪರ್. ಅದರಲ್ಲಿ ಪಿಸ್ಟನ್ ಒಳಬದಿಗೆ ಮಾತ್ರ ಇದೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಪ್ರತಿಕ್ರಿಯೆಯಾಗಿ ಕ್ಯಾಲಿಪರಿನ ಇಡೀ ದೇಹವೇ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ನ್ಯೂಟನ್ನನ ಮೂರನೇ ನಿಯಮವನ್ನೇ ಅರ್ಧ ಯಂತ್ರವಾಗಿ ಬಳಸಿಕೊಂಡ ಈ ಉಪಾಯ ನನಗೆ ಬಹಳ ಇಷ್ಟ. ಅದು ಕೇಳುವುದೊಂದೇ, ಪಿನ್ನುಗಳಿಗೆ ಗ್ರೀಸು. ಕೆಸರು ನುಗ್ಗಿ ಪಿನ್ ಹಿಡಿದುಕೊಂಡರೆ ಹೊರಗಿನ ಪ್ಯಾಡು ಕೆಲಸ ನಿಲ್ಲಿಸುತ್ತದೆ, ಒಳಗಿನದು ಎರಡರ ಪಾಲೂ ಸವೆಯುತ್ತದೆ. ಪ್ಯಾಡು ಬದಲಿಸುವಾಗ ಹಳೆಯ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ತೀರ ತೆಳ್ಳಗಾಗಿದ್ದರೆ ಪಿನ್ನಿನ ಕಡೆ ನೋಡಲು ಮೆಕ್ಯಾನಿಕ್‌ಗೆ ಹೇಳಿ.

ಇನ್ನೊಂದು ಸಣ್ಣ ಸೊಗಸು ಪಿಸ್ಟನ್ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲಿನಲ್ಲಿದೆ. ಪಿಸ್ಟನ್ ಮುಂದೆ ಹೋದಾಗ ಸೀಲು ಅದರ ಜೊತೆ ತುಸು ತಿರುಚಿಕೊಳ್ಳುತ್ತದೆ, ಪಾದ ತೆಗೆದಾಗ ತಿರುಚು ಬಿಡಿಸಿಕೊಂಡು ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಪ್ಯಾಡು ಸವೆದಂತೆ ಪಿಸ್ಟನ್ ಸೀಲಿನೊಳಗೆ ಮುಂದೆ ಜಾರಿ ಹೊಸ ಜಾಗದಲ್ಲಿ ನಿಲ್ಲುತ್ತದೆ. ಸ್ಪ್ರಿಂಗಿಲ್ಲ, ಸ್ಕ್ರೂ ಇಲ್ಲ. ಡಿಸ್ಕ್ ಬ್ರೇಕನ್ನು ಯಾರೂ ಟೈಟ್ ಮಾಡಬೇಕಾಗಿಲ್ಲದಿರುವುದು ಈ ರಬ್ಬರ್ ಉಂಗುರದಿಂದ.

ಈಗ ತಟ್ಟೆಯ ವಿಷಯ. ಅದು ಬೂದು ಎರಕದ ಕಬ್ಬಿಣ. ಅದರೊಳಗೆ ಚೆದುರಿರುವ ಗ್ರಾಫೈಟ್ ಚಕ್ಕೆಗಳು ಬಿಸಿಯನ್ನು ಬೇಗ ಒಳಕ್ಕೆ ಒಯ್ಯುತ್ತವೆ, ಕಂಪನವನ್ನೂ ನುಂಗುತ್ತವೆ. ನಮ್ಮ 1200 ಕಿಲೋ ಕಾರು ಒಮ್ಮೆ ನಿಂತಾಗ ಮುಂದಿನ ಒಂದೊಂದು ಡಿಸ್ಕಿಗೆ ಸುಮಾರು 160 ಕಿಲೋಜೂಲ್ ಶಾಖ ಬರುತ್ತದೆ. ಡಿಸ್ಕ್ 5 ಕಿಲೋ ತೂಗಿದರೆ ಅದರ ತಾಪ ಮೂರು ಸೆಕೆಂಡಿನಲ್ಲಿ 70 ಡಿಗ್ರಿ ಏರುತ್ತದೆ. ತೂಕ ಎರಡು ಪಟ್ಟಾದರೆ ಏರಿಕೆ ಅರ್ಧ. ಹಾಗೆಂದು ಚಕ್ರದ ತೂಕ ಹೆಚ್ಚಿಸುತ್ತ ಹೋದರೆ ಕಾರು ಕುಲುಕುತ್ತದೆ. ಆದ್ದರಿಂದ ಮುಂದಿನ ಡಿಸ್ಕನ್ನು ಎರಡು ತಟ್ಟೆಗಳಾಗಿ ಎರಕ ಹೊಯ್ದು ನಡುವೆ ರೆಕ್ಕೆಗಳನ್ನು ನಿಲ್ಲಿಸುತ್ತಾರೆ. ತಿರುಗುವಾಗ ನಡುವಿನ ಗಾಳಿ ಅಂಚಿನಿಂದ ಹೊರಕ್ಕೆ ಎಸೆಯಲ್ಪಟ್ಟು, ಹೊಸ ಗಾಳಿ ಮಧ್ಯದಿಂದ ಒಳಬರುತ್ತದೆ. ಡಿಸ್ಕ್ ತನ್ನನ್ನು ತಾನೇ ಬೀಸಿಕೊಳ್ಳುವ ಬೀಸಣಿಗೆ. ಇದು ವೆಂಟಿಲೇಟೆಡ್ ಡಿಸ್ಕ್. ಹಿಂದಿನ ಚಕ್ರಕ್ಕೆ ಗಟ್ಟಿ ತಟ್ಟೆಯೇ ಸಾಕಾಗುತ್ತದೆ.

ತೂತು ಕೊರೆದ ಡಿಸ್ಕ್‌ಗಳು ನೋಡಲು ಚೆಂದ, ಬೈಕುಗಳಲ್ಲಿ ಎಲ್ಲೆಲ್ಲೂ ಇವೆ. ನೀರು ಬೇಗ ಹೋಗಲು, ತೂಕ ಇಳಿಸಲು ಅವು ಸಹಾಯಕ. ಹಳೆಯ ಕಾಲದ ಪ್ಯಾಡುಗಳು ಕಾದಾಗ ಬಿಡುತ್ತಿದ್ದ ಅನಿಲ ಪ್ಯಾಡಿಗೂ ಡಿಸ್ಕಿಗೂ ನಡುವೆ ಪೊರೆಯಾಗಿ ನಿಲ್ಲುತ್ತಿತ್ತು, ಅದಕ್ಕೂ ಅವು ದಾರಿಯಾಗಿದ್ದವು. ಈಗಿನ ಪ್ಯಾಡುಗಳಲ್ಲಿ ಆ ತೊಂದರೆ ಕಡಿಮೆ. ಮತ್ತೆ ಮತ್ತೆ ಕಾದು ಆರುವ ತಟ್ಟೆಯಲ್ಲಿ ಬಿರುಕು ಮೊದಲು ಹುಟ್ಟುವುದು ತೂತಿನ ಅಂಚಿನಲ್ಲೇ. ಚೆಂದಕ್ಕೆಂದು ಕಾರಿನ ಡಿಸ್ಕಿಗೆ ಹೊರಗಡೆ ತೂತು ಹೊಡೆಸುವುದು ಅಪಾಯದ ಕೆಲಸ, ಖಂಡಿತ ಬೇಡ. ಸೀಳುಗೆರೆಯ ಡಿಸ್ಕ್ ಇದಕ್ಕಿಂತ ಗಟ್ಟಿ, ಅದರ ಗೆರೆಗಳು ಪ್ಯಾಡಿನ ಮೈಯನ್ನು ಕೆರೆಯುತ್ತ ಹೊಸದಾಗಿಡುತ್ತವೆ.

ಪಂದ್ಯದ ಕಾರುಗಳ ಲೋಕ ಬೇರೆ. ಕಾನ್ಕಾರ್ಡ್ ವಿಮಾನದಲ್ಲಿ ಬಳಸಿದ್ದಂಥ ಇಂಗಾಲದ ಬ್ರೇಕುಗಳನ್ನು 1976ರಲ್ಲಿ ಬ್ರಾಭಮ್ ತಂಡ ಫಾರ್ಮುಲಾ ಒನ್‌ಗೆ ತಂದಿತು. ಅವು 1000 ಡಿಗ್ರಿಯ ಹತ್ತಿರವೂ ಕೆಲಸ ಮಾಡುತ್ತವೆ, ಆದರೆ ತಣ್ಣಗಿದ್ದಾಗ ಹಿಡಿಯುವುದೇ ಇಲ್ಲ. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡಲು ಹೊರಟ ಕಾರಿಗೆ ಇದು ಆಗದ ಮಾತು. ರಸ್ತೆಗೆ ಒಗ್ಗುವಂತೆ ಇಂಗಾಲದ ನಾರನ್ನು ಸಿಲಿಕಾನ್ ಕಾರ್ಬೈಡಿನಲ್ಲಿ ಬೆಸೆದ ಸೆರಾಮಿಕ್ ಡಿಸ್ಕ್ ಅನ್ನು 2001ರ ಪೋರ್ಷೆ 911 ಜಿಟಿ2 ಹೊತ್ತು ಬಂತು. ಕಬ್ಬಿಣದ ಅರ್ಧದಷ್ಟೇ ತೂಕ, ಬೆಲೆಯನ್ನು ಕೇಳುವ ಹಾಗಿಲ್ಲ.

ಪ್ಯಾಡಿನೊಳಗೆ ಹತ್ತಾರು ಪದಾರ್ಥಗಳ ಮಿಶ್ರಣವಿದೆ: ಅಂಟು, ನಾರು, ಲೋಹದ ಪುಡಿ, ಗ್ರಾಫೈಟು, ಉಜ್ಜುವ ಗಟ್ಟಿ ಕಣಗಳು. ಬಹುಕಾಲ ನಾರೆಂದರೆ ಕಲ್ನಾರು, ಆಸ್‌ಬೆಸ್ಟಾಸ್. ಬಿಸಿಗೆ ಅದು ಜಗ್ಗುತ್ತಿರಲಿಲ್ಲ. ಲ್ಯಾಂಚೆಸ್ಟರನ ಡಿಸ್ಕಿನ ಕಿರುಚಾಟವನ್ನು ಹರ್ಬರ್ಟ್ ಫ್ರೂಡ್ ಎಂಬಾತ ಶಮನ ಮಾಡಿದ್ದೂ ಅದರಿಂದಲೇ. ಆದರೆ ಆ ದೂಳನ್ನು ಉಸಿರಾಡಿದ ಕೆಲಸಗಾರರ ಶ್ವಾಸಕೋಶಗಳನ್ನು ಅದು ಕೊಂದಿತು. ಈಗ ಅದರ ಜಾಗದಲ್ಲಿ ಅರಮಿಡ್ ನಾರು, ಉಕ್ಕಿನ ನಾರು, ಸೆರಾಮಿಕ್ ನಾರುಗಳಿವೆ. ಅಂಗಡಿಯಲ್ಲಿ ಆರ್ಗ್ಯಾನಿಕ್, ಸೆಮಿ ಮೆಟಾಲಿಕ್, ಸೆರಾಮಿಕ್ ಎಂದು ಕೇಳಿಬರುವುದು ಈ ಮಿಶ್ರಣದ ವ್ಯತ್ಯಾಸವೇ. ಮೊದಲನೆಯದು ಮೆತ್ತಗೆ, ಸದ್ದಿಲ್ಲ, ಬೇಗ ಸವೆಯುತ್ತದೆ. ಎರಡನೆಯದು ಬಿಸಿಗೆ ಗಟ್ಟಿ, ಡಿಸ್ಕನ್ನೂ ತಿನ್ನುತ್ತದೆ, ಸದ್ದೂ ಮಾಡುತ್ತದೆ. ಮೂರನೆಯದು ದೂಳು ಕಡಿಮೆ, ದುಡ್ಡು ಹೆಚ್ಚು.

ಈ ಮಿಶ್ರಣದಲ್ಲಿ ನಮ್ಮ ಕರಾವಳಿಗೆ ಗೊತ್ತಿರುವ ವಸ್ತುವೊಂದಿದೆ. ಗೇರುಬೀಜ ಸುಲಿಯುವವರ ಕೈ ಸುಡುವ ಸಿಪ್ಪೆಯ ಎಣ್ಣೆ. ಅದನ್ನು ಕಾಯಿಸಿ ಬಟ್ಟಿಯಿಳಿಸಿದರೆ ಸಿಗುವ ಕಾರ್ಡನಾಲ್ ಎಂಬ ರಾಸಾಯನಿಕವನ್ನು ಫಾರ್ಮಾಲ್ಡಿಹೈಡ್ ಜೊತೆ ಬೆಸೆದು ಗಟ್ಟಿ ಮಾಡಿ ಪುಡಿ ಮಾಡುತ್ತಾರೆ. ಆ ಕಂದು ಪುಡಿಯನ್ನು ಜಗತ್ತಿನಾದ್ಯಂತ ಬ್ರೇಕ್ ಪ್ಯಾಡುಗಳಿಗೆ ಬೆರೆಸುತ್ತಾರೆ. ಅದು ಪ್ಯಾಡಿನ ಬಿರುಸನ್ನು ತಗ್ಗಿಸಿ, ಹಿಡಿತವನ್ನು ಏಕಸಮವಾಗಿರಿಸಿ, ಸದ್ದು ಅಡಗಿಸುತ್ತದೆ. ಮಂಗಳೂರಿನ ಸುತ್ತಮುತ್ತಲ ಗೇರು ಕಾರ್ಖಾನೆಗಳಲ್ಲಿ ಬೂದಿ ಹಚ್ಚಿಕೊಂಡು, ಎಣ್ಣೆ ಹಚ್ಚಿಕೊಂಡು ಬೆರಳು ಉಳಿಸಿಕೊಳ್ಳುವ ಹೆಂಗಸರ ದುಡಿಮೆಗೂ ದೂರದ ಹೆದ್ದಾರಿಯಲ್ಲಿ ಸದ್ದಿಲ್ಲದೆ ನಿಲ್ಲುವ ಕಾರುಗಳಿಗೂ ಇರುವ ಈ ನಂಟು ಹೆಚ್ಚು ಜನರಿಗೆ ತಿಳಿದಿರಬೇಕಿತ್ತು.

ಬಿಸಿಯ ಪರೀಕ್ಷೆ ನಿಜವಾಗಿ ನಡೆಯುವುದು ಘಾಟಿಯಲ್ಲಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಸುಮಾರು ಅರ್ಧ ಕಿಲೋಮೀಟರ್ ಎತ್ತರ ಇಳಿಯುತ್ತೇವೆ. ಸಾಮಾನು, ಸಂಸಾರ ಸೇರಿ 1500 ಕಿಲೋ ತೂಗುವ ಕಾರು ಅಷ್ಟು ಇಳಿಯುವಾಗ ಬಿಟ್ಟುಕೊಡುವ ಶಕ್ತಿ 7 ಮೆಗಾಜೂಲಿಗೂ ಹೆಚ್ಚು. ಅದೇ ಕಾರನ್ನು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಹನ್ನೆರಡು ಹದಿಮೂರು ಸಲ ಬಲವಾಗಿ ನಿಲ್ಲಿಸಿದಂತೆ. ಗಾಳಿಯ ತಡೆ, ಟೈರಿನ ಎಳೆತ ಒಂದು ಪಾಲನ್ನು ತೆಗೆದುಕೊಳ್ಳುತ್ತವೆ. ಉಳಿದದ್ದನ್ನು ಎಂಜಿನ್ ಹಿಡಿಯಬೇಕು, ಇಲ್ಲವೇ ಬ್ರೇಕ್ ನುಂಗಬೇಕು. ಘಾಟಿಯಲ್ಲಿ ವೇಗ ಕಡಿಮೆಯಾದ್ದರಿಂದ ಡಿಸ್ಕಿನ ಮೇಲೆ ಬೀಸುವ ಗಾಳಿಯೂ ಕಡಿಮೆ.

ಪಾದವನ್ನು ಪೆಡಲಿನ ಮೇಲೆಯೇ ಇಟ್ಟುಕೊಂಡು ಇಳಿದರೆ ಮೊದಲು ಪ್ಯಾಡು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಬಿಸಿ ಪಿಸ್ಟನ್ ಮೂಲಕ ಬ್ರೇಕ್ ಆಯಿಲಿಗೆ ತಲುಪುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ, ಡಾಟ್ 4 ಆಯಿಲ್ 230 ಡಿಗ್ರಿವರೆಗೆ ಕುದಿಯಬಾರದೆಂಬುದು ನಿಯಮ. ಆದರೆ ಈ ದ್ರವ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ನೂರಕ್ಕೆ ನಾಲ್ಕು ಭಾಗದಷ್ಟು ನೀರು ಸೇರುವ ಹೊತ್ತಿಗೆ ಕುದಿಬಿಂದು 140, 155 ಡಿಗ್ರಿಗಳಿಗೆ ಇಳಿದಿರಬಹುದು. ಆಗುಂಬೆಯಂಥ ಮಳೆನಾಡಿನ ಗಾಳಿಯಲ್ಲಿ ತೇವಕ್ಕೆ ಬರವೇ? ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲು ಮೆತ್ತಗಾಗಿ ನೆಲಕ್ಕೆ ಮುಟ್ಟುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ಬ್ರೇಕ್ ಫೇಲಾಯಿತು ಎಂದು ಮರುದಿನ ಪತ್ರಿಕೆಯಲ್ಲಿ ಓದುವ ಎಷ್ಟೋ ಸುದ್ದಿಗಳ ಹಿಂದೆ ಇಂಥ ಗುಳ್ಳೆಗಳಿರಬಹುದು. ಗುಳ್ಳೆ ಆರಿದ ಮೇಲೆ ಪೆಡಲು ಮೊದಲಿನಂತೆ ಗಟ್ಟಿಯಾಗಿಬಿಡುವುದರಿಂದ ಆಮೇಲೆ ಪರೀಕ್ಷಿಸಿದವರಿಗೆ ದೋಷ ಕಾಣುವುದೂ ಇಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಎನ್ನುವುದು ಈ ಕಾರಣಕ್ಕೆ. ದಯವಿಟ್ಟು ಬದಲಿಸಿ. ಕೆಲವು ನೂರು ರೂಪಾಯಿಯ ದ್ರವವದು.

ಹತ್ತುವಾಗ ಬಳಸಿದ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಡ್ರೈವರುಗಳು ಹೇಳುವ ಮಾತು ಅಪ್ಪಟ ಭೌತಶಾಸ್ತ್ರ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿದರೆ ಎಂಜಿನ್ನಿನ ಪಾಲೆಲ್ಲ ಬ್ರೇಕಿನ ತಲೆಗೆ ಬೀಳುತ್ತದೆ. ಎಂಜಿನ್ನೇ ಆರಿಸಿದರೆ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿದು ಪೆಡಲು ಕಲ್ಲಾಗುತ್ತದೆ. ಕೆಳಗಿಳಿದ ಮೇಲೂ ಒಂದು ಎಚ್ಚರ ಬೇಕು. ಕೆಂಡದಂತೆ ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿಕೊಂಡೇ ನಿಂತರೆ ಪ್ಯಾಡಿನ ಪದಾರ್ಥ ಅಲ್ಲೊಂದು ಕಡೆ ಅಂಟಿ ಕೂರುತ್ತದೆ. ಮುಂದೆ ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಸ್ಟಿಯರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡಾಗಿದೆ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ, ಹಲವು ಬಾರಿ ಆಗಿರುವುದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ದಪ್ಪದ ಏರುಪೇರು ಅಷ್ಟೆ. ನಾಲ್ಕೂ ಡಿಸ್ಕ್ ಇರುವ ಕಾರನ್ನು ಬಿಸಿಯಾಗಿದ್ದಾಗಲೇ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಮೇಲೆ ಬಿಟ್ಟುಹೋದರೆ ಇನ್ನೊಂದು ತೊಂದರೆ ಕಾದಿರುತ್ತದೆ. ಹಿಗ್ಗಿದ್ದ ಡಿಸ್ಕ್ ಆರುತ್ತ ತೆಳ್ಳಗಾಗಿ ಹಿಡಿತ ಸಡಿಲಬಹುದು. ಗೇರಿನಲ್ಲಿಟ್ಟು ಇಳಿಯುವ ಅಭ್ಯಾಸ ಒಳ್ಳೆಯದು.

ಸವೆದ ಪ್ಯಾಡು ದೂಳಾಗಿ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಬಹುಕಾಲ ಕೇಳಲಿಲ್ಲ. ಪ್ಯಾಡಿನ ತಾಮ್ರ ಮಳೆನೀರಿನಲ್ಲಿ ಹೊಳೆಗೆ ಸೇರಿ ಮೀನುಗಳಿಗೆ ಕುತ್ತಾಗುತ್ತದೆಂದು ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು 2010ರಲ್ಲಿ ಅದನ್ನು ಹಂತಹಂತವಾಗಿ ಇಳಿಸುವ ಕಾನೂನು ತಂದವು. 2024ರಲ್ಲಿ ಒಪ್ಪಿಗೆ ಪಡೆದ ಯುರೋಪಿನ ಯೂರೋ 7 ನಿಯಮ ಬ್ರೇಕ್ ದೂಳಿಗೇ ಮಿತಿ ಹಾಕಿದೆ: ಪೆಟ್ರೋಲ್, ಡೀಸೆಲ್ ಕಾರು ಕಿಲೋಮೀಟರಿಗೆ 7 ಮಿಲಿಗ್ರಾಂ, ಬ್ಯಾಟರಿ ಕಾರು 3 ಮಿಲಿಗ್ರಾಂ.

ಬ್ಯಾಟರಿ ಕಾರಿಗೆ ಕಡಿಮೆ ಮಿತಿ ಇಟ್ಟಿರುವುದು ಅದು ಬ್ರೇಕನ್ನು ಬಳಸುವುದೇ ಅಪರೂಪವೆಂದು. ನಿಧಾನಿಸುವಾಗ ಅದರ ಮೋಟರೇ ಜನರೇಟರಾಗಿ ವೇಗವನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ಮರಳಿಸುತ್ತದೆ. ಕೆಲಸವಿಲ್ಲದ ಹಿಂದಿನ ಡಿಸ್ಕ್‌ಗಳು ತುಕ್ಕು ಹಿಡಿಯುತ್ತವೆ. ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಕಾರುಗಳ ಹಿಂದಿನ ಚಕ್ರಕ್ಕೆ ಮುಚ್ಚಿದ ಡ್ರಮ್ಮನ್ನೇ ಮತ್ತೆ ಕೂರಿಸಿತು. ತುಕ್ಕಿಲ್ಲ, ದೂಳು ಹೊರಗೆ ಬರುವುದಿಲ್ಲ, ಬಿಸಿಯ ಹೊರೆಯಂತೂ ಹೇಗೂ ಇಲ್ಲ.

ಆದರೆ ಆಗುಂಬೆ ಇಳಿಯುವ ಆ 7 ಮೆಗಾಜೂಲ್ ಎಂದರೆ ಸರಿಸುಮಾರು 2 ಯೂನಿಟ್ ವಿದ್ಯುತ್. ಘಟ್ಟದ ಮೇಲಿನ ಊರಿನಲ್ಲಿ ರಾತ್ರಿಯೆಲ್ಲ ಚಾರ್ಜ್ ಮಾಡಿ, ಬ್ಯಾಟರಿ ನೂರಕ್ಕೆ ನೂರು ತುಂಬಿದ ಕಾರನ್ನು ಬೆಳಿಗ್ಗೆ ಕೆಳಗೆ ಇಳಿಸಹೊರಟರೆ ಆ 2 ಯೂನಿಟ್ ಹಿಡಿಸಲು ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ. ಮೋಟರಿನ ತಡೆ ಕಡಿಮೆಯಾಗುತ್ತದೆ, ಇಳಿಸಿಕೊಳ್ಳಲು ಗೇರೂ ಇಲ್ಲ. ಮೊದಲ ತಿರುವಿನಿಂದಲೇ ಪ್ಯಾಡು ಡಿಸ್ಕುಗಳೇ ಹೊರೆ ಹೊರಬೇಕು. ಇಂಥ ಊರಿನವರು ಬ್ಯಾಟರಿಯನ್ನು ತೊಂಬತ್ತಕ್ಕೇ ನಿಲ್ಲಿಸಿ ಹೊರಡುವುದು ವಾಸಿ.